ಪ್ರಭುದೇವರ ಕಾಯದೃಷ್ಟಿ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿರುವ ಬಳ್ಳಿಗಾವೆಯು ಇಂದು ಒಂದು ಸಾಮಾನ್ಯ ಗ್ರಾಮ. ಕೇದಾರೇಶ್ವರ, ತ್ರಿಪುರಾಂತಕ ದೇವಾಲಯಗಳೂ ಸುತ್ತಣ ಶಾಸನಶಿಲೆಗಳೂ ಇಲ್ಲದಿದ್ದರೆ, ಬನವಾಸಿ ಹನ್ನೆರಡು ಸಾವಿರದ ರಾಜಧಾನಿಯಾಗಿ ಮೆರೆದ ಪಟ್ಟಣ ಇದೇ ಎಂದು ಯಾರೂ ನಂಬಲಾರರು. ಅಲ್ಲಿಯ ಕೋಡಿಯಮಠಕ್ಕೆ ಸಂಬಂಧಿಸಿದ 1162ರ ಶಾಸನವೊಂದು ಆ ಮಠದ ವೈಭವವನ್ನು ವಿಸ್ತಾರವಾಗಿ ಬಣ್ಣಿಸುತ್ತದೆ. ವೇದ, ವ್ಯಾಕರಣ, ನ್ಯಾಯ, ಮೀಮಾಂಸೆ, ಸಾಂಖ್ಯಗಳೊಡನೆ ಪಾತಂಜಲ ಯೋಗಶಾಸ್ತ್ರವನ್ನೂ ಲಾಕುಲಸಿದ್ಧಾಂತವನ್ನೂ ಅಲ್ಲಿ ವ್ಯಾಖ್ಯಾನಿಸುತ್ತಿದ್ದರು. ದೀನರಿಗೆ, ಅನಾಥರಿಗೆ, ಕುರುಡರಿಗೆ, ಕುಂಟರಿಗೆ, ಕಿವುಡರಿಗೆ ಅನ್ನವಿಕ್ಕುತ್ತಿದ್ದರು. ನಾನಾ ವ್ಯಾಧಿಗಳಿಂದ ನೊಂದವರಿಗೆ ಔಷಧೋಪಚಾರ ನಡೆಯುತ್ತಿತ್ತು. ಗಾಯಕರೂ ವಾದಕರೂ ನರ್ತಕರೂ ಅಲ್ಲಿ ಆಶ್ರಯ ಪಡೆದಿದ್ದರು. ಆತ್ಮವಿಚಾರವೂ ರೋಗಿಯ ಶುಶ್ರೂಷೆಯೂ ಕುಣಿಯುವ ಪಾದವೂ ಒಂದೇ ಪ್ರಾಕಾರದೊಳಗೆ ಇದ್ದುವೆಂಬುದನ್ನು ಗಮನಿಸಬೇಕು. ಅಂತಹ ಊರಿನಲ್ಲಿ ಅಲ್ಲಮಪ್ರಭುದೇವರು ಜನಿಸಿದರು.

ಪ್ರಭುದೇವರ ಚರಿತ್ರೆಯನ್ನು ಹೇಳಿದ ಕವಿಗಳಲ್ಲಿ ಕಾಲದಿಂದ ಮೊದಲಿಗನಾದ ಹರಿಹರನ ಪ್ರಕಾರ ಅವರ ಮನೆತನವು ದೇವಾಲಯದ ನೃತ್ಯಗೀತಸೇವೆಗೆ ಸೇರಿದುದು. ಬಾಲ್ಯದಿಂದಲೇ ಅಲ್ಲಮರಿಗೆ ಮದ್ದಳೆಯ ವಿದ್ಯೆ ಕರಗತವಾಯಿತು. ಕರಗತ ಎಂಬ ಮಾತನ್ನು ನಾವು ಲಕ್ಷ್ಯವಿಲ್ಲದೆ ಬಳಸುತ್ತೇವೆ. ಮದ್ದಳೆಗಾರನ ವಿಷಯದಲ್ಲಿ ಅದು ಅಕ್ಷರಶಃ ಸತ್ಯ. ಅಡ್ಡಲಾಗಿ ಕಟ್ಟಿಕೊಂಡ ವಾದ್ಯದ ಎರಡು ಮುಖಗಳ ಮೇಲೆ ಎರಡು ಕೈಗಳು ಎರಡು ಬೇರೆ ಬೇರೆ ಕೆಲಸಗಳನ್ನು ಏಕಕಾಲದಲ್ಲಿ ಮಾಡಬೇಕು. ಕಣ್ಣು ನರ್ತಕಿಯ ಹೆಜ್ಜೆಯ ಮೇಲಿರಬೇಕು, ಕಿವಿ ಹಾಡಿನ ಮೇಲಿರಬೇಕು. ಬುದ್ಧಿಯು ಮಾತ್ರೆಗಳನ್ನು ಒಂದೊಂದಾಗಿ ಎಣಿಸಿ ಬೆರಳಿಗೆ ಆಜ್ಞೆ ಕೊಡುತ್ತ ಕುಳಿತರೆ ತಾಳ ತಪ್ಪಿಯೇ ತಪ್ಪುತ್ತದೆ. ಬಹುಕಾಲದ ಅಭ್ಯಾಸದಿಂದ ಬೆರಳುಗಳೇ ಲೆಕ್ಕವನ್ನು ಅರಿತಿರುತ್ತವೆ. ಮನಸ್ಸು ಆ ಬೆರಳುಗಳಲ್ಲಿಯೇ ನೆಲಸಿರುತ್ತದೆ. ಅಂಗವು ಜಡವೆಂದೂ ಅರಿವು ಅದರೊಳಗೆ ಬಂದಿಳಿದ ಪರದೇಶಿಯೆಂದೂ ಮದ್ದಳೆಗಾರನಿಗೆ ಹೇಳಿದರೆ ಅವನು ನಕ್ಕಾನು. ಮುಂದೆ ಶೂನ್ಯಸಿಂಹಾಸನವನ್ನೇರಿದ ಮಹಾಜ್ಞಾನಿಯ ಮೊದಲ ಪಾಠಶಾಲೆ ಇದಾಗಿತ್ತೆಂಬುದನ್ನು ಚರಿತ್ರಕಾರರು ಸಾಕಷ್ಟು ಎತ್ತಿ ಹೇಳಿಲ್ಲ.

ಯೌವನದಲ್ಲಿ ಅಲ್ಲಮರು ಕಮಲತೆಯೆಂಬ ಚೆಲುವೆಯಲ್ಲಿ ಅನುರಕ್ತರಾಗಿ ಆಕೆಯ ಕೈಹಿಡಿದರು. ಇಬ್ಬರಿಗೂ ಲೋಕದ ಪರಿವೆಯಿರಲಿಲ್ಲ, ಹಗಲಿರುಳುಗಳ ಎಣಿಕೆಯಿರಲಿಲ್ಲ. ಹೀಗಿರುವಾಗ ಕಮಲತೆಗೆ ಜ್ವರ ಬಂದಿತು, ಆಕೆ ಉಳಿಯಲಿಲ್ಲ. ಹರಿಹರನು ಇಲ್ಲಿ ಯಾವ ಪವಾಡವನ್ನೂ ತರುವುದಿಲ್ಲ. ಜ್ವರವೇ ಬರುತ್ತದೆ, ಮರಣವೇ ಆಗುತ್ತದೆ. ಅಲ್ಲಮರು ಮತಿಗೆಟ್ಟವರಂತೆ ಆಕೆಯ ಹೆಸರನ್ನು ಕೂಗುತ್ತ ಊರೂರು, ಕಾಡುಮೇಡು ಅಲೆದರು. ಹೋದುದು ಒಂದು ಶರೀರ ಮಾತ್ರವೆಂದು ಯಾವ ವೇದಾಂತಿಯಾದರೂ ಆಗ ಅವರಿಗೆ ಹೇಳಿದ್ದರೆ ಏನು ಪ್ರಯೋಜನವಾಗುತ್ತಿತ್ತು? ಅವರು ಪ್ರೀತಿಸಿದ್ದು ಆ ಶರೀರದಲ್ಲಿ ನಗುತ್ತಿದ್ದ, ಆ ಶರೀರದಿಂದ ಬೇರೆಯಾಗಿ ಎಲ್ಲಿಯೂ ಕಾಣದ ಕಮಲತೆಯನ್ನು.

ಈ ಪ್ರಸಂಗವನ್ನು ಒಪ್ಪದ ಭಕ್ತರು ಅನೇಕರಿದ್ದಾರೆ. ಅವರ ಪರವಾಗಿ ಚಾಮರಸನು ನಿಂತಿದ್ದಾನೆ. ಪ್ರೌಢದೇವರಾಯನ ಕಾಲದಲ್ಲಿ, ಎಂದರೆ 15ನೆಯ ಶತಮಾನದ ಪೂರ್ವಾರ್ಧದಲ್ಲಿ, ಅವನು ಭಾಮಿನೀಷಟ್ಪದಿಯಲ್ಲಿ 25 ಗತಿಗಳ ಪ್ರಭುಲಿಂಗಲೀಲೆಯನ್ನು ರಚಿಸಿದನು. ಅಲ್ಲಿ ಪ್ರಭುವು ನಿರಹಂಕಾರ-ಸುಜ್ಞಾನಿಯರ ಮಗನಾಗಿ ಅವತರಿಸಿದ ಶಿವನೇ. ಮಾಯೆಯು ಬನವಸೆಯ ಮಮಕಾರರಾಯನಿಗೆ ಮಗಳಾಗಿ ಹುಟ್ಟಿ, ಮಧುಕೇಶ್ವರನ ಗುಡಿಯಲ್ಲಿ ಮದ್ದಳೆ ಬಾರಿಸುತ್ತಿದ್ದ ಪ್ರಭುವನ್ನು ಮೋಹಿಸುತ್ತಾಳೆ. ಆದರೆ ಅವನು ಆಕೆಯ ಹಿಡಿತಕ್ಕೆ ಸಿಕ್ಕುವುದಿಲ್ಲ. ಈ ಕಾವ್ಯವು ಕನ್ನಡದ ಗಡಿಯನ್ನು ದಾಟಿ ತಮಿಳಿಗೂ ಹೋಯಿತು; ಶಿವಪ್ರಕಾಶರೆಂಬ ತಮಿಳು ಕವಿಗಳು ಅದನ್ನು ತಮ್ಮ ಭಾಷೆಗೆ ತಂದರು. ಕಾವ್ಯವಾಗಿ ಅದರ ಘನತೆ ನಿಸ್ಸಂಶಯವಾದುದು. ಆದರೆ ಪ್ರಭುವಿಗೆ ಮೈಯ ಬೇನೆಯೇ ತಟ್ಟಲಿಲ್ಲವೆಂದು ಒಪ್ಪಿದರೆ ಒಂದು ಕಷ್ಟ ಬರುತ್ತದೆ. ಮುಂದೆ ಅವರು ಎಷ್ಟೋ ಸಾಧಕರ ದೇಹಾಭಿಮಾನವನ್ನು, ದುಃಖವನ್ನು, ಸಾಧನೆಯ ಗರ್ವವನ್ನು ಒರೆಗೆ ಹಚ್ಚಿದರು. ತಾನು ಎಂದೂ ನೀರಿಗಿಳಿಯದವನು ದಡದಲ್ಲಿ ನಿಂತು ಈಜುವವರನ್ನು ಗದರಿಸಿದಂತೆ ಆಗುವುದಿಲ್ಲವೆ ಅದು? ಹರಿಹರನೂ ಪ್ರಭುವನ್ನು ಕೈಲಾಸದ ಗಣನೆಂದೇ ಆರಂಭಿಸುತ್ತಾನೆ, ನಿಜ. ಆದರೂ ಭೂಮಿಗೆ ಬಂದ ಮೇಲೆ ಭೂಮಿಯ ಸುಖದುಃಖಗಳೆಲ್ಲವನ್ನೂ ಅವರಿಗೆ ಉಣಿಸಿದ್ದಾನೆ. ಭಕ್ತಿಗೆ ಇದರಿಂದ ಕುಂದೇನೂ ಇಲ್ಲ. ಗೃಹಸ್ಥನಾದವನಿಗೆ ಹರಿಹರನ ಪ್ರಭುವೇ ಹತ್ತಿರದವನು.

ಹಾಗೆ ಅಲೆಯುತ್ತ ಒಂದು ದಿನ ಅಲ್ಲಮರು ಊರಿನಿಂದ ದೂರದ ತೋಪೊಂದರಲ್ಲಿ ಮಂಕು ಕವಿದವರಂತೆ ಕುಳಿತಿದ್ದರು. ಮನಸ್ಸು ಎಲ್ಲಿಯೋ ಇತ್ತು. ಕಾಲಿನ ಉಗುರು ಮಾತ್ರ ತನ್ನಷ್ಟಕ್ಕೆ ನೆಲವನ್ನು ಕೆರೆಯುತ್ತಿತ್ತು. ಕೆರೆದಂತೆ ಮಣ್ಣು ಸರಿದು ಹೊನ್ನಿನ ಕಳಸವೊಂದರ ತುದಿ ಕಾಣಿಸಿತು. ಮಹಾಪುರುಷರ ಚರಿತ್ರೆಗಳಲ್ಲಿ ಆಕಾಶವಾಣಿಯಾಗುವುದುಂಟು, ಸ್ವಪ್ನವಾಗುವುದುಂಟು. ಇಲ್ಲಿ ಶೂನ್ಯದ ಬಾಗಿಲನ್ನು ಹುಡುಕಿಕೊಟ್ಟದ್ದು ಉದ್ದೇಶವಿಲ್ಲದೆ ಆಡುತ್ತಿದ್ದ ಒಂದು ಕಾಲ್ಬೆರಳು. ನೆಲವನ್ನು ಅಗೆಸಿದಾಗ ಹೂತುಹೋಗಿದ್ದ ದೇವಾಲಯವು ಹೊರಬಂದಿತು. ಮುಚ್ಚಿದ ಬಾಗಿಲನ್ನು ಒದ್ದು ಒಳಹೊಕ್ಕರೆ, ಅಂಗೈಯಲ್ಲಿ ಲಿಂಗವನ್ನು ಹಿಡಿದು, ಅದರಲ್ಲಿಯೇ ದೃಷ್ಟಿಯನ್ನು ನೆಟ್ಟು, ರೆಪ್ಪೆ ಮಿಡುಕದೆ ಕುಳಿತಿದ್ದ ಯೋಗಿಯು ಕಂಡನು. ಅನಿಮಿಷನೆಂಬ ಹೆಸರೇ ಆ ಕಣ್ಣುಗಳನ್ನು ಹೇಳುತ್ತದೆ. ಉಪದೇಶದ ಮಾತು ಅಲ್ಲಿ ನಡೆಯಲಿಲ್ಲ. ಲಿಂಗವು ಆ ಅಂಗೈಯಿಂದ ಈ ಅಂಗೈಗೆ ಬಂದಿತು. ಅನಿಮಿಷಯ್ಯನ ಪ್ರಾಣವು ಬಯಲಲ್ಲಿ ಬೆರೆಯಿತು. ಮದ್ದಳೆಯನ್ನು ಬಲ್ಲ ಕೈ, ಕಮಲತೆಯ ಕೈಯನ್ನು ಹಿಡಿದಿದ್ದ ಕೈ, ಈಗ ಲಿಂಗಕ್ಕೆ ಪೀಠವಾಯಿತು.

ಕರಸ್ಥಲದ ಈ ಪೂಜೆಯು ನಮ್ಮ ಮನೆಗಳಲ್ಲಿ ನಿತ್ಯವೂ ನಡೆಯುವಂಥದು. ನಿತ್ಯವಾದುದರಿಂದಲೇ ಅದರ ಅರ್ಥ ಮರೆಯಾಗುತ್ತದೆ. ಬೆಂಗಳೂರಿನ ಕುಮಾರ ಪಾರ್ಕಿನಲ್ಲಿ ಕಛೇರಿಗೆ ಹೊರಡುವ ಮುನ್ನ ಎಡದ ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ಕುಳಿತ ಗೃಹಸ್ಥನಿಗೆ ಮೊದಲು ಅರಿವಿಗೆ ಬರುವುದು ಪರಶಿವನಲ್ಲ. ಮಂಡಿಯ ನೋವು, ಬೆನ್ನಿನ ಬಳಲಿಕೆ, ಅಡಿಗೆಯ ಮನೆಯಿಂದ ಬರುವ ಒಗ್ಗರಣೆಯ ವಾಸನೆ. ಇದಕ್ಕಾಗಿ ಅವನು ನಾಚಬೇಕಾದುದಿಲ್ಲ. ದೃಷ್ಟಿಯು ಲಿಂಗದಲ್ಲಿ ನಿಂತಂತೆ ಉಸಿರು ತಾನಾಗಿ ನಿಧಾನವಾಗುತ್ತದೆ. ಉಸಿರು ನಿಧಾನವಾದಂತೆ ಮನಸ್ಸಿನ ಹರಿದಾಟ ತಗ್ಗುತ್ತದೆ. ಮನಸ್ಸನ್ನು ಮನಸ್ಸಿನಿಂದಲೇ ಹಿಡಿಯಹೊರಟವರು ಸೋಲುವ ಎಡೆಯಲ್ಲಿ ಕಣ್ಣು, ಕೈ, ಉಸಿರುಗಳು ನೆರವಾಗುತ್ತವೆ. ವೀರಶೈವ ಸಿದ್ಧಾಂತವು ಜೀವನನ್ನು ಅಂಗವೆಂಬ ಹೆಸರಿನಿಂದಲೇ ಕರೆದಿರುವುದು ಸಾರ್ಥಕವಾಗಿದೆ. ಸ್ಥೂಲ, ಸೂಕ್ಷ್ಮ, ಕಾರಣವೆಂಬ ಮೂರು ತನುಗಳಿಗೆ ಇಷ್ಟ, ಪ್ರಾಣ, ಭಾವವೆಂಬ ಮೂರು ಲಿಂಗಗಳನ್ನು ಹೇಳಿದೆ. ಹೊರಗಿನ ಮೈಯನ್ನು ಕಳಚಿ ಎಸೆದು ಒಳಗಿನದನ್ನು ಮಾತ್ರ ಶಿವನಿಗೆ ಅರ್ಪಿಸುವ ದಾರಿ ಇದಲ್ಲ. ಅಂಗವು ಲಿಂಗದೊಡನೆ ಸಮರಸವಾಗಬೇಕು. ಹಾಗಾಗಬೇಕಾದರೆ ಅಂಗವು ಇರಬೇಕು.

ಇದರ ವೈಶಿಷ್ಟ್ಯವು ಪರದೇಶದ ಒಂದು ವಿಚಾರದೊಡನೆ ಹೋಲಿಸಿದಾಗ ಚೆನ್ನಾಗಿ ತಿಳಿಯುತ್ತದೆ. ಫ್ರಾನ್ಸ್ ದೇಶದ ತತ್ತ್ವಜ್ಞ ಡೆಕಾರ್ಟನು 1641ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಚಿಂತಿಸುವ ಮನಸ್ಸು ಬೇರೆ, ಎಡೆಯನ್ನು ಆವರಿಸುವ ದೇಹ ಬೇರೆ ಎಂದು ವಿಭಾಗ ಮಾಡಿದನು. ಎರಡು ವರ್ಷಗಳ ತರುವಾಯ ಎಲಿಜಬೆತ್ ಎಂಬ ರಾಜಕುಮಾರಿಯು ಅವನಿಗೆ ಪತ್ರ ಬರೆದು, ಎಡೆಯನ್ನೇ ಆವರಿಸದ ಮನಸ್ಸು ದೇಹವನ್ನು ಅಲುಗಿಸುವುದು ಹೇಗೆಂದು ಕೇಳಿದಳು. ಆ ಪ್ರಶ್ನೆಗೆ ಪೂರ್ಣ ಸಮಾಧಾನವನ್ನು ಕೊಡಲು ಅವನಿಂದ ಆಗಲಿಲ್ಲ. ಪಾಶ್ಚಾತ್ಯ ತತ್ತ್ವಶಾಸ್ತ್ರವು ಮೂರು ಶತಮಾನಗಳಿಗೂ ಮಿಕ್ಕಿ ಅದರೊಡನೆ ಸೆಣಸಿದೆ. ಶರಣರು ಎರಡನ್ನು ಕತ್ತರಿಸಿ ಬೆಸೆಯುವ ಕೆಲಸಕ್ಕೆ ಹೋಗಲಿಲ್ಲ. ಅವರ ಪ್ರಶ್ನೆ ಬೇರೆ: ಕಾಯವು ನನ್ನದೆಂಬ ಅಹಂಕಾರವು ಎಲ್ಲಿ ಅಡಗಿದೆ? ಹೊಗಳಿಕೆಯಲ್ಲಿಯೋ, ತೆಗಳಿಕೆಯಲ್ಲಿಯೋ?

ಲಿಂಗವನ್ನು ಪಡೆದ ಪ್ರಭುದೇವರು ಒಂದೆಡೆ ನಿಲ್ಲದೆ ಸಂಚರಿಸಿದರು. ಅವರ ಸಂಚಾರದ ಕಥೆಯನ್ನು ಪ್ರಭುಲಿಂಗಲೀಲೆಯೂ ಶೂನ್ಯಸಂಪಾದನೆಗಳೂ ಹೇಳುತ್ತವೆ. ಗೊಗ್ಗಯ್ಯನೆಂಬ ತೋಟಗಾರನಿಗೆ ಅವನ ಮೈಯೇ ತೋಟವೆಂಬಂತೆ ಅರಿವಿನ ಕೃಷಿಯನ್ನು ತಿಳಿಸಿದರು. ಅಣ್ಣನಾದ ಅಜಗಣ್ಣನ ಅಗಲಿಕೆಯಿಂದ ಕಂಗೆಟ್ಟಿದ್ದ ಮುಕ್ತಾಯಕ್ಕನನ್ನು ಕಂಡರು. ಆಕೆಗೆ ಅಣ್ಣನೇ ಗುರು. ಅವನ ಮರಣದಿಂದ ಜ್ಞಾನದ ಆಸರೆಯೇ ತಪ್ಪಿತೆಂದು ಆಕೆ ಕುಸಿದಿದ್ದಳು. ಸಂಪಾದನಕಾರರು ಈ ಪ್ರಸಂಗವನ್ನು ದೀರ್ಘವಾದ ಸಂವಾದವಾಗಿ ಬೆಳೆಸಿದ್ದಾರೆ. ಮುಕ್ತಾಯಕ್ಕನು ಪ್ರಭುವಿನ ಮಾತನ್ನು ಸುಲಭವಾಗಿ ಒಪ್ಪುವವಳಲ್ಲ. ಮಾತಿಗೆ ಮಾತು ಹೂಡುತ್ತಾಳೆ, ಪ್ರಭುವಿನ ನುಡಿಯಲ್ಲಿಯೇ ಎಡವಟ್ಟನ್ನು ಹುಡುಕುತ್ತಾಳೆ. ಪ್ರಭುದೇವರು ಆಕೆಯ ಕಣ್ಣೀರನ್ನು ಹಳಿಯುವುದಿಲ್ಲ. ಅಣ್ಣನು ಇದ್ದುದು ಅವನ ಮೈಯಲ್ಲಿ ಮಾತ್ರವೋ ಅಥವಾ ಅವನಿಂದ ಈಕೆಯಲ್ಲಿ ಎಚ್ಚತ್ತ ಅರಿವಿನಲ್ಲಿಯೋ ಎಂಬ ಕಡೆಗೆ ಆಕೆಯ ಬಗೆಯನ್ನು ತಿರುಗಿಸುತ್ತಾರೆ. ಕಮಲತೆಗಾಗಿ ಕಾಡಿನಲ್ಲಿ ಕೂಗಿದವರಿಗಲ್ಲದೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಹರಿಹರನ ಕಥೆಯನ್ನು ಬಿಟ್ಟು ಶೂನ್ಯಸಂಪಾದನೆಯ ಈ ಭಾಗವನ್ನು ಓದುವವರು ಅರ್ಧವನ್ನಷ್ಟೇ ಓದಿದಂತೆ.

ಸೊನ್ನಲಿಗೆಯಲ್ಲಿ ಕೆರೆಗಳನ್ನು ತೋಡಿಸಿ ದೇಗುಲಗಳನ್ನು ಕಟ್ಟಿಸುತ್ತಿದ್ದ ಸಿದ್ಧರಾಮಯ್ಯನವರೊಡನೆ ನಡೆದ ಪ್ರಸಂಗವು ಎಲ್ಲರೂ ಬಲ್ಲುದು. ಒಡ್ಡನೆಂದು ಕರೆದು ಅಲ್ಲಿಯವರನ್ನು ಕೆರಳಿಸಿದರು. ಕಲ್ಲುಗಳು ಬಿದ್ದರೂ ಪ್ರಭುವಿಗೆ ತಾಗಲಿಲ್ಲ. ಸಿದ್ಧರಾಮಯ್ಯನವರ ಉರಿಗಣ್ಣಿನ ಬೆಂಕಿಯೂ ಸೋತಿತು. ಕೈಯ ಕೆಲಸವನ್ನು ಪ್ರಭುದೇವರು ಹೀಗಳೆದರೆಂದು ಇದನ್ನು ತಿಳಿಯಬಾರದು. ಕೆಲಸದಲ್ಲಿ ಸೇರಿಕೊಂಡಿದ್ದ ನಾನೆಂಬುದನ್ನು ಅವರು ಕೆಣಕಿದರು. ಕಾಯಕವೇ ಕೀಳೆಂದಾಗಿದ್ದರೆ ಕಾಯಕದ ಶರಣರೇ ತುಂಬಿದ್ದ ಕಲ್ಯಾಣದ ಕಡೆಗೆ ಸಿದ್ಧರಾಮಯ್ಯನವರನ್ನು ಅವರು ಏಕೆ ಕರೆದೊಯ್ಯಬೇಕಾಗಿತ್ತು?

ಕಾಯದ ವಿಷಯದಲ್ಲಿ ಪ್ರಭುದೇವರ ನಿಲುವು ಅತ್ಯಂತ ಸ್ಫುಟವಾಗಿ ತೋರುವುದು ಗೋರಕ್ಷನ ಪ್ರಸಂಗದಲ್ಲಿ. ಗೋರಕ್ಷನು ಸಿದ್ಧರಲ್ಲಿ ಅಗ್ರಗಣ್ಯ. ಪ್ರಾಣವಾಯುವನ್ನು ಬಂಧಿಸಿ, ಮೂಲಿಕೆ-ರಸಗಳನ್ನು ಸಾಧಿಸಿ, ದೇಹವನ್ನು ಜರೆಮರಣಗಳಿಗೆ ನಿಲುಕದಂತೆ ಮಾಡಿಕೊಳ್ಳುವುದು ಆ ಪಂಥದವರ ಗುರಿ. ಇದನ್ನು ಮೂಢತನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಅವರು ದೇಹವನ್ನು ಮಾಂಸದ ಮುದ್ದೆಯೆಂದು ಜರೆಯದೆ ಸಾಧನೆಯ ಕ್ಷೇತ್ರವೆಂದು ಗೌರವಿಸಿದರು; ನಾಡಿಗಳನ್ನು, ಉಸಿರಿನ ಗತಿಯನ್ನು ಸೂಕ್ಷ್ಮವಾಗಿ ಪರಿಶೀಲಿಸಿದರು. ಇಂದು ಪಟ್ಟಣಗಳಲ್ಲಿ ಹೇಳಿಕೊಡುವ ಆಸನ-ಪ್ರಾಣಾಯಾಮಗಳ ಬಹುಭಾಗವು ಆ ಸಿದ್ಧರ ಪರಂಪರೆಗೆ ಋಣಿಯಾಗಿದೆ. ಆದರೆ ಗೋರಕ್ಷನು ತನ್ನ ವಜ್ರಕಾಯವನ್ನು ತೋರಿಸಿಕೊಳ್ಳಬಯಸಿದನು. ಪ್ರಭುದೇವರ ಕೈಗೆ ಖಡ್ಗವನ್ನು ಕೊಟ್ಟು, ಹೊಡೆದು ನೋಡೆಂದನು. ಪ್ರಭುದೇವರು ಹೊಡೆದರು. ಬಂಡೆಯ ಮೇಲೆ ಬಿದ್ದಂತೆ ಖಣಿಲೆಂದು ಸದ್ದಾಯಿತು. ಗೋರಕ್ಷನ ಒಂದು ಕೂದಲೂ ಕೊಂಕಲಿಲ್ಲ. ಅವನು ಹೆಮ್ಮೆಯಿಂದ ನಕ್ಕನು.

ಪ್ರಭುದೇವರೂ ನಕ್ಕರು. ಆ ಸದ್ದೇ ಅವನ ಸೋಲನ್ನು ಸಾರಿತ್ತು. ಕತ್ತಿಗೆ ಎದುರು ನಿಲ್ಲುವ ಒಂದು ವಸ್ತು ಅಲ್ಲಿ ಇನ್ನೂ ಉಳಿದಿತ್ತು. ಅದು ಗಟ್ಟಿಯಾದಷ್ಟೂ ಬಂಧನವೂ ಗಟ್ಟಿ. ಖಡ್ಗವನ್ನು ಮರಳಿ ಕೊಟ್ಟು ತಮ್ಮನ್ನು ಹೊಡೆಯಹೇಳಿದರು. ಗೋರಕ್ಷನು ತನ್ನ ಬಲವನ್ನೆಲ್ಲ ಸೇರಿಸಿ ಬೀಸಿದನು. ಕತ್ತಿಯು ಬಯಲಿನಲ್ಲಿ ಆಡಿದಂತೆ ಪ್ರಭುವಿನ ಮೈಯಲ್ಲಿ ಆಡಿತು. ತಾಗಲಿಲ್ಲ, ತಡೆಯಲಿಲ್ಲ, ಸದ್ದಾಗಲಿಲ್ಲ. ಗೋರಕ್ಷನ ಗರ್ವವು ಅಲ್ಲಿಗೇ ಇಳಿದು ಅವನು ಶರಣಾದನು.

ಈ ಕಥೆಯನ್ನು ಇಬ್ಬರು ಮಾಂತ್ರಿಕರ ಪಂದ್ಯವಾಗಿ ಓದಿದರೆ ಪ್ರಭುದೇವರು ಇನ್ನಷ್ಟು ದೊಡ್ಡ ಗೋರಕ್ಷರಾಗುತ್ತಾರಷ್ಟೆ. ಪುರಾಣಕಥನಗಳಲ್ಲಿ ಎಷ್ಟೋ ಸಲ ಹಾಗೆಯೇ ಹೇಳಿ ಚಪ್ಪಾಳೆ ಗಿಟ್ಟಿಸುವುದುಂಟು. ಕಥೆಯ ಸಾರವು ಆ ಸದ್ದಿನಲ್ಲಿದೆ. ಪ್ರಭುದೇವರಿಗೆ ಸದ್ದಿನ ಪರೀಕ್ಷೆ ಹೊಸದೇ? ಹೊಡೆತಕ್ಕೆ ದನಿ ಹೊಮ್ಮುವುದು ಬಿಗಿದ ಚರ್ಮದಿಂದ, ಒಳಗಣ ಟೊಳ್ಳಿನಿಂದ ಎಂಬುದು ಮದ್ದಳೆಗಾರನಿಗೆ ತಿಳಿಯದ ವಿಷಯವಲ್ಲ. ಗೋರಕ್ಷನ ಮೈಯಲ್ಲಿ ಅಭಿಮಾನವು ಬಿಗಿದುಕೊಂಡಿತ್ತು. ಪ್ರಭುವಿನ ಮೈ ಇತ್ತು, ನಡೆಯುತ್ತಿತ್ತು, ನುಡಿಯುತ್ತಿತ್ತು, ಅದನ್ನು ತನ್ನದೆಂದು ಹಿಡಿದು ನಿಂತವನು ಅಲ್ಲಿ ಇರಲಿಲ್ಲ. ಚಾಮರಸನು ಮಾಯೆಯ ಪ್ರಸಂಗದಲ್ಲಿ ಕಾಣಿಸಬೇಕೆಂದಿದ್ದುದು ಈ ನಿಲವನ್ನೇ ಇದ್ದೀತು. ಹುಟ್ಟಿನಿಂದಲೇ ಅದು ಪ್ರಭುವಿಗೆ ಇತ್ತೆಂದು ಅವನು ಭಾವಿಸಿದನು. ಹರಿಹರನು ಅದಕ್ಕೆ ತೆತ್ತ ಬೆಲೆಯನ್ನು ಹೇಳಿದನು.

ಕಲ್ಯಾಣದಲ್ಲಿ ಬಸವಣ್ಣನವರು ಪ್ರಭುದೇವರನ್ನು ಶೂನ್ಯಸಿಂಹಾಸನದಲ್ಲಿ ಕುಳ್ಳಿರಿಸಿದರು. ಅನುಭವಮಂಟಪಕ್ಕೆ ಉಡುತಡಿಯ ಮಹಾದೇವಿಯಕ್ಕನವರು ಬಂದುದು ಪ್ರಭುದೇವರ ಜೀವನದಲ್ಲಿಯೂ ದೊಡ್ಡ ಘಟನೆಯೇ. ಉಡುತಡಿಯೂ ಬಳ್ಳಿಗಾವೆಯೂ ಒಂದೇ ಸೀಮೆಯ ಊರುಗಳು. ಉಡುಗೆಯನ್ನು ತೊರೆದು ಕೂದಲಿನಿಂದ ಮೈಯನ್ನು ಮರೆಮಾಡಿಕೊಂಡು ಬಂದ ಆ ತರುಣಿಯನ್ನು ಪ್ರಭುದೇವರು ತುಂಬಿದ ಸಭೆಯಲ್ಲಿ ತಡೆದು ಕೇಳಿದರು: ಪತಿ ಯಾರು, ಬಂದುದೇಕೆ, ಮೈಯ ಹಂಗನ್ನು ನಿಜವಾಗಿ ಬಿಟ್ಟಿದ್ದರೆ ಕೂದಲಿನ ಮರೆಯೇಕೆ ಎಂದು. ಇಂದಿನ ಓದುಗರಿಗೆ ಈ ಪ್ರಶ್ನೆಗಳು ಕ್ರೂರವೆನಿಸಿದರೆ ಆಶ್ಚರ್ಯವಿಲ್ಲ. ಅವು ಕ್ರೂರವಾಗಿಯೇ ಇವೆ. ಹೆಣ್ಣೊಬ್ಬಳು ತನ್ನ ಮೈಗೆ ಲೆಕ್ಕ ಕೊಡಬೇಕಾದ ಪ್ರಸಂಗವದು. ಪ್ರಭುವು ಮಂಟಪದ ಇತರರ ಸಂಶಯ ನಿವಾರಣೆಗಾಗಿ ಕೇಳಿದರೆಂದು ಸಮಾಧಾನ ಹೇಳುವುದು ರೂಢಿ. ಆ ಸಮಾಧಾನಕ್ಕಿಂತ ಅಕ್ಕನವರ ಉತ್ತರವು ಮೇಲಾದುದು. ಮರೆಯು ತನಗಾಗಿ ಅಲ್ಲ, ನೋಡುವವರಿಗೆ ನೋವಾಗಬಾರದೆಂದು ಎಂಬುದು ಅದರ ತಾತ್ಪರ್ಯ. ಒಳಗು ಹಣ್ಣಾಗದೆ ಹೊರಗನ್ನು ಕಿತ್ತೆಸೆಯುವುದರಲ್ಲಿ ಫಲವಿಲ್ಲವೆಂಬ ಭಾವವೂ ಅದರಲ್ಲಿ ಸೇರಿದೆ. ಹೀಗೆ ದೇಹಾಭಿಮಾನದ ಭಾರವನ್ನು ಅವರು ಪ್ರಶ್ನಿಸಿದವರ ಕಣ್ಣಿಗೇ ಹಿಂದಿರುಗಿಸಿದರು. ಗೋರಕ್ಷನನ್ನು ಗೆದ್ದ ಪ್ರಭುದೇವರು ಇಲ್ಲಿ ತಲೆಬಾಗಿದರು. ಅವರು ಅಕ್ಕನವರನ್ನು ಕೊಂಡಾಡಿ ಶ್ರೀಶೈಲದ ಕದಳಿಯ ದಾರಿಯನ್ನು ತೋರಿದರೆಂದು ಸಂಪಾದನಕಾರರು ಹೇಳಿದ್ದಾರೆ.

ಮತ್ತೊಂದು ಪ್ರಸಂಗವು ಪ್ರಭುದೇವರ ಆರೋಗಣೆಯದು. ದೇಶಸಂಚಾರದಿಂದ ಕಲ್ಯಾಣಕ್ಕೆ ಮರಳಿದ ಪ್ರಭುದೇವರು ಬಸವಣ್ಣನವರ ಮಹಾಮನೆಯಲ್ಲಿ ಪ್ರಸಾದಕ್ಕೆ ಕುಳಿತು, ಜಂಗಮರೆಲ್ಲರಿಗೆಂದು ಮಾಡಿದ್ದ ಅಡಿಗೆಯನ್ನು ತಾವೊಬ್ಬರೇ ಉಂಡು ಮುಗಿಸಿದರಂತೆ. ಹಸಿದಿದ್ದ ಜಂಗಮರು ಮುನಿದರು. ಆದರೆ ಪ್ರಭುವಿನ ತೃಪ್ತಿಯಲ್ಲಿ ಎಲ್ಲರಿಗೂ ತೃಪ್ತಿಯಾಗಿ ಮುನಿಸು ಇಳಿಯಿತು. ಕತ್ತಿಗೆ ಸಿಕ್ಕದ ಬಯಲುದೇಹದವರು ಅನ್ನಕ್ಕೆ ಮಾತ್ರ ಸಿಕ್ಕಿದರೆಂಬುದು ಸಂಪಾದನಕಾರರ ರಸಿಕತೆಗೆ ಸಾಕ್ಷಿ. ಶೂನ್ಯವನ್ನು ಬೋಧಿಸಿದವರ ಚರಿತ್ರೆಯಲ್ಲಿ ಒಲೆ, ಗಡಿಗೆ, ಬಡಿಸುವ ಕೈಗಳು ಇಷ್ಟು ಎಡೆ ಪಡೆದಿರುವುದನ್ನು ಮನೆವಾರ್ತೆಯನ್ನು ನಡೆಸುವ ತಾಯಂದಿರು ಗಮನಿಸಲಿ.

ಕಲ್ಯಾಣದ ಕ್ರಾಂತಿಯ ಕಾಲಕ್ಕೆ ಶರಣರು ದಿಕ್ಕುದಿಕ್ಕಿಗೆ ಚದುರಿದರು. ಬಸವಣ್ಣನವರು ಕೂಡಲಸಂಗಮದಲ್ಲಿ ಐಕ್ಯರಾದರು. ಪ್ರಭುದೇವರು ಶ್ರೀಶೈಲದ ಕಡೆಗೆ ನಡೆದರು. ಗುಹೇಶ್ವರನ ಅಂಕಿತದಲ್ಲಿ ಅವರು ನುಡಿದ ವಚನಗಳು ಸಾವಿರಕ್ಕೂ ಮಿಗಿಲಾಗಿ ಉಳಿದಿವೆ. ಅವುಗಳಲ್ಲಿ ಬೆಡಗಿನವೂ ಬಹಳ. ಕಾಯ, ಕಣ್ಣು, ಕಾಲು, ಕೈ, ಹಸಿವು, ನಿದ್ರೆಗಳ ಮಾತು ಅವುಗಳ ಉದ್ದಕ್ಕೂ ಬರುತ್ತದೆ. 1923ರಲ್ಲಿ ಫ. ಗು. ಹಳಕಟ್ಟಿಯವರ ವಚನಶಾಸ್ತ್ರಸಾರದ ಮೊದಲ ಭಾಗವು ಹೊರಬಂದ ತರುವಾಯ ಶರಣರ ವಚನಗಳು ತಾಳೆಯ ಗರಿಗಳಿಂದ ಇಳಿದು ಮನೆಮನೆಗೆ ಬಂದುವು, 1960ರಲ್ಲಿ ಎಲ್. ಬಸವರಾಜು ಅವರು ಅಲ್ಲಮನ ವಚನಚಂದ್ರಿಕೆಯನ್ನು ಪ್ರಕಟಿಸಿದರು. ಕದಳಿಯ ಬನದಲ್ಲಿ ಪ್ರಭುದೇವರು ಬಯಲಾದರೆಂದು ಕವಿಗಳು ಹೇಳಿ ಮುಗಿಸುತ್ತಾರೆ. ಕಮಲತೆಯ ಮರಣಕ್ಕೆ ಜ್ವರವನ್ನು ಹೆಸರಿಸಿದ ಸಂಪ್ರದಾಯವು ಪ್ರಭುವಿನ ಕೊನೆಗೆ ಯಾವ ರೋಗದ ಹೆಸರನ್ನೂ ಹೇಳಿಲ್ಲ.